ಮಳೆಗಾಲದ ತುರ್ತು ಬ್ಯಾಗ್: ಕೊಡಗಿನ ಮನೆಗೆ ಏನು ಬೇಕು, ಏನು ಬೇಡ

ಮೇ ತಿಂಗಳು ಬಂತೆಂದರೆ ಇದೇ ಪ್ರಶ್ನೆಗಳು ಶುರುವಾಗುತ್ತವೆ. ತುರ್ತು ಬ್ಯಾಗ್‌ಗೆ ಏನೇನು ಹಾಕಬೇಕು? ಆನ್‌ಲೈನ್‌ನಲ್ಲಿ ರೆಡಿಮೇಡ್ ಕಿಟ್ ಸಿಗುತ್ತಲ್ಲ, ತಗೋಬಹುದಾ? ಮನೆಯಲ್ಲಿ ಅಜ್ಜಿ ಇದ್ದಾರೆ, ಮಗು ಇದೆ, ಎಷ್ಟು ಬ್ಯಾಗ್ ಬೇಕು? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಯಿತು. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ರೆಡಿಮೇಡ್ ಕಿಟ್ ಬೇಡ. ಅದರಲ್ಲಿ ದಿಕ್ಸೂಚಿ, ಚಾಕು, ಬೆಂಕಿ ಹೊತ್ತಿಸುವ ಕಡ್ಡಿ, ಮೀನಿನ ಗಾಳ ಎಲ್ಲಾ ಇರುತ್ತದೆ. ಕಾಡಿನಲ್ಲಿ ದಾರಿ ತಪ್ಪಿದವನಿಗೆ ಅದು ಸರಿ. ನಮಗೆ ದಾರಿ ಗೊತ್ತು, ದಾರಿಯೇ ಇರುವುದಿಲ್ಲ ಅಷ್ಟೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಕಾಲೂರು, ಹಟ್ಟಿಹೊಳೆ ಕಡೆ ಆದದ್ದು ಅದೇ. ರಾತ್ರಿ ಬೆಳಗಾಗುವುದರೊಳಗೆ ಗುಡ್ಡ ಜರಿಯಿತು, ರಸ್ತೆ ಕಿತ್ತುಹೋಯಿತು, ಕರೆಂಟ್ ಹೋಯಿತು, ಫೋನ್ ಹೋಯಿತು. ಜನ ಉಟ್ಟ ಬಟ್ಟೆಯಲ್ಲಿ ಗುಡ್ಡ ಹತ್ತಿ ನಡೆದರು. ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತ್ತು. 2019ರಲ್ಲಿ ತೋರ ಗ್ರಾಮದಲ್ಲಿ ಗುಡ್ಡ ಕುಸಿಯಿತು, ನೆಲ್ಯಹುದಿಕೇರಿ, ಕರಡಿಗೋಡು ಕಡೆ ಕಾವೇರಿ ಮನೆಯೊಳಗೆ ಬಂದಳು. 2020ರಲ್ಲಿ ತಲಕಾವೇರಿಯ ಬೆಟ್ಟ.

ಹಾಗಾಗಿ ನಮ್ಮ ಬ್ಯಾಗ್‌ನ ಕೆಲಸ ಎರಡೇ. ಹತ್ತು ನಿಮಿಷದಲ್ಲಿ ಮನೆ ಬಿಟ್ಟು ಹೊರಡುವಂತೆ ಮಾಡುವುದು. ಆಮೇಲೆ ಪರಿಹಾರ ಕೇಂದ್ರವೋ ನೆಂಟರ ಮನೆಯೋ ಸಿಗುವವರೆಗೆ, ಸಿಕ್ಕ ಮೇಲೂ ಒಂದೆರಡು ದಿನ, ಒಟ್ಟು ಮೂರು ದಿನ ನಡೆಸುವುದು. ಈ ಬ್ಯಾಗ್‌ಗೆ ಇಲ್ಲಿ ದೊಡ್ಡ ಶತ್ರು ಹಸಿವಲ್ಲ, ಥಂಡಿ, ಅಂದರೆ ತೇವ. ಅದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ವರ್ಷ ಬ್ಯಾಗ್ ತುಂಬಿ ಜಂಬದಿಂದ ಅಟ್ಟಕ್ಕೆ ಹಾಕಿದ್ದೆ. ಆಗಸ್ಟ್‌ನಲ್ಲಿ ಇಳಿಸಿ ನೋಡಿದರೆ ಜಿಪ್ ತುಕ್ಕು ಹಿಡಿದು ಕೂತಿತ್ತು, ಟಾರ್ಚಿನ ಶೆಲ್ ಸೋರಿತ್ತು, ಬೆಂಕಿಪೊಟ್ಟಣ ಮೆತ್ತಗಾಗಿತ್ತು, ಅವಲಕ್ಕಿಗೆ ಹಸಿರು ಬೂಷ್ಟು. ಎಲ್ಲಾ ಇತ್ತು, ಒಂದೂ ಕೆಲಸಕ್ಕೆ ಬರುವಂತಿರಲಿಲ್ಲ.

1. ಬ್ಯಾಗ್ ಆರಿಸಿ

ಎರಡೂ ಹೆಗಲಿಗೆ ಹಾಕುವ ಬ್ಯಾಗೇ ಬೇಕು. ಸೂಟ್‌ಕೇಸ್, ಕೈಚೀಲ ಬೇಡ. ಜಾರುವ ಕೆಸರಲ್ಲಿ ಎರಡು ಕೈಯೂ ಖಾಲಿ ಇರಬೇಕು. ಒಂದು ಕೈ ಕೋಲಿಗೆ, ಇನ್ನೊಂದು ಮಗುವಿಗೆ. 30ರಿಂದ 40 ಲೀಟರಿನದು ಸಾಕು. ಬ್ಯಾಗ್‌ಗೆ ಲೀಟರ್ ಅಂದರೆ ಅದರೊಳಗೆ ಎಷ್ಟು ಹಿಡಿಯುತ್ತದೆ ಎನ್ನುವ ಅಳತೆ. ಕಾಲೇಜು ಮಕ್ಕಳ ದೊಡ್ಡ ಬ್ಯಾಗ್ ಸುಮಾರು ಅಷ್ಟೇ ಇರುತ್ತದೆ. ಹಳೆಯದಾದರೂ ಪರವಾಗಿಲ್ಲ. ಆದರೆ ಪಟ್ಟಿ ಹೊಲಿದ ಜಾಗವನ್ನು ಜೋರಾಗಿ ಎಳೆದು ನೋಡಿ. ಹರಿಯುವುದು ಯಾವಾಗಲೂ ಅಲ್ಲೇ. ಜಿಪ್‌ಗೆ ಮೇಣದಬತ್ತಿ ಉಜ್ಜಿಡಿ, ಹಿಡಿದುಕೊಳ್ಳುವುದಿಲ್ಲ.

ದೊಡ್ಡವರಿಗೆ ತಲೆಗೊಂದು ಬ್ಯಾಗ್. ಮನೆಮಂದಿಗೆಲ್ಲ ಸೇರಿ ಒಂದೇ ದೊಡ್ಡ ಬ್ಯಾಗ್ ಮಾಡುವುದು ಎಲ್ಲರೂ ಮಾಡುವ ತಪ್ಪು. ಹೊರುವವನು ತೋಟದ ಆ ಕಡೆ ಸಿಕ್ಕಿಹಾಕಿಕೊಂಡರೆ ಉಳಿದವರ ಹತ್ತಿರ ಏನೂ ಇರುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ಅವರ ಬಟ್ಟೆ, ಬಿಸ್ಕತ್ತು, ಒಂದು ನೀರಿನ ಬಾಟಲಿ ಹಿಡಿಯುವಷ್ಟು ಚಿಕ್ಕ ಬ್ಯಾಗ್ ಕೊಡಿ.

ತೂಕ 7–8 ಕಿಲೋ ದಾಟಬಾರದು. ಅಂಗಳದಲ್ಲಿ ಹೊತ್ತು ನೋಡಿ "ಹಗುರ ಇದೆ" ಅನ್ನಬೇಡಿ. ತೋಟದ ಕೆಳಗಿನ ತೋಡಿನಿಂದ ಮನೆವರೆಗೆ ಏರು ಹತ್ತಿ ನೋಡಿ. ಮಧ್ಯದಲ್ಲಿ ಎರಡು ಸಲ ನಿಂತರೆ ಬ್ಯಾಗ್ ಭಾರ ಜಾಸ್ತಿಯಾಯಿತು ಅಂತ ಅರ್ಥ.

2. ಮೊದಲು ನೀರು ಹೊಗದಂತೆ ಮಾಡಿ

ಸಾಮಾನು ಕೊಳ್ಳುವ ಮೊದಲೇ ಈ ಹಂತ ಮುಗಿಸಿ. ಬ್ಯಾಗ್ ಮೇಲೆ ಹಾಕುವ ರೇನ್ ಕವರ್ ನಂಬಬೇಡಿ. ಕಕ್ಕಡದ, ಅಂದರೆ ಜುಲೈ ಮಧ್ಯದಿಂದ ಶುರುವಾಗುವ ಕೊಡವ ತಿಂಗಳ, ಮಳೆಗೆ ಅದು ಅರ್ಧ ಗಂಟೆ ತಡೆಯುವುದೂ ಕಷ್ಟ. ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ.

ಬ್ಯಾಗ್ ಒದ್ದೆಯಾಗಲಿ ಬಿಡಿ, ಒಳಗಿನದು ಒದ್ದೆಯಾಗದಿದ್ದರೆ ಸಾಕು. ಅದಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ದಪ್ಪ ಪ್ಲಾಸ್ಟಿಕ್ ಚೀಲವನ್ನು ಬ್ಯಾಗ್ ಒಳಗೆ ಇಳಿಬಿಡಿ. ಬ್ಯಾಗ್‌ಗಿಂತ ಒಂದು ಮೊಳ ಉದ್ದ ಇರಲಿ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಗಟ್ಟಿ ಇರುತ್ತದೆ ಅಂತ ಅದನ್ನೇ ಹಾಕುವವರಿದ್ದಾರೆ. ಎಷ್ಟು ತೊಳೆದರೂ ಯೂರಿಯಾ ವಾಸನೆ ಹೋಗುವುದಿಲ್ಲ, ಊಟದ ಸಾಮಾನಿನ ಜೊತೆಗಂತೂ ಬೇಡವೇ ಬೇಡ.

ಕಟ್ಟುವ ರೀತಿಯಲ್ಲೇ ಗುಟ್ಟಿರುವುದು. ಸಾಮಾನು ತುಂಬಿದ ಮೇಲೆ ಮಂಡಿ ಊರಿ ಒತ್ತಿ ಗಾಳಿ ಹೊರಗೆ ಹಾಕಿ. ಚೀಲದ ಬಾಯಿಯನ್ನು ಹಗ್ಗ ಹೊಸೆದಂತೆ ಬಿಗಿಯಾಗಿ ಹೊಸೆಯಿರಿ. ಹೊಸೆದದ್ದನ್ನು ಕೊಕ್ಕರೆಯ ಕತ್ತಿನ ಹಾಗೆ ಮಡಚಿ, ಮಡಚಿದ ಜಾಗಕ್ಕೆ ರಬ್ಬರ್ ಬಿಗಿಯಿರಿ. ಸೈಕಲ್ಲಿನ ಹಳೇ ಟ್ಯೂಬನ್ನು ಬಳೆಯಂತೆ ಕತ್ತರಿಸಿದರೆ ಒಳ್ಳೆಯ ರಬ್ಬರ್ ಆಗುತ್ತದೆ. ಸುಮ್ನೆ ಗಂಟು ಹಾಕಿದರೆ ನೀರು ಒಳಗೆ ಹೋಗುತ್ತದೆ, ರಾತ್ರಿ ಬಿಚ್ಚಲೂ ಆಗುವುದಿಲ್ಲ.

ಪರೀಕ್ಷೆ ಮಾಡದೆ ಬಿಡಬೇಡಿ. ಚೀಲದೊಳಗೆ ಒಂದು ದಿನಪತ್ರಿಕೆ ಹಾಕಿ ಕಟ್ಟಿ, ನೀರು ತುಂಬಿದ ಬಕೆಟ್‌ನಲ್ಲಿ ಐದು ನಿಮಿಷ ಅದುಮಿ ಹಿಡಿಯಿರಿ. ಪೇಪರಿನ ಅಂಚು ಗರಿಗರಿ ಇದ್ದರೆ ಪಾಸ್.

ಇದರೊಳಗೆ ಬಟ್ಟೆಗೆ ಒಂದು, ಔಷಧಕ್ಕೆ ಒಂದು, ಕಾಗದಕ್ಕೆ ಒಂದು ಅಂತ ಜಿಪ್ ಇರುವ ಚಿಕ್ಕ ಪಾರದರ್ಶಕ ಕವರ್‌ಗಳು. ಟಾರ್ಚ್ ಬೆಳಕಿನಲ್ಲಿ ಹೊರಗಿನಿಂದಲೇ ಕಾಣಬೇಕು.

3. ಕಾಗದ ಪತ್ರ

ಪರಿಹಾರ ಕೇಂದ್ರದಲ್ಲಿ ಅನ್ನ ಸಿಗುತ್ತದೆ, ಕಂಬಳಿ ಸಿಗುತ್ತದೆ. ನಿಮ್ಮ ಪಹಣಿ ಸಿಗುವುದಿಲ್ಲ. ಆಮೇಲೆ ತಿಂಗಳುಗಟ್ಟಲೆ ಕಚೇರಿ ಅಲೆಯುವುದು ಅದಕ್ಕೇ.

ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಬೆಳೆ ಸಾಲದ ಪತ್ರ, ಪಹಣಿ (ಅಂದರೆ ಆರ್‌ಟಿಸಿ), ಮನೆ ತೆರಿಗೆ ರಸೀದಿ, ವಿಮೆ ಪತ್ರ, ಮಕ್ಕಳ ಅಂಕಪಟ್ಟಿ. ಎಲ್ಲದರ ಜೆರಾಕ್ಸ್ ಮಾಡಿಸಿ ಬ್ಯಾಗ್‌ನಲ್ಲಿಡಿ. ಮೂಲ ಪತ್ರಗಳನ್ನು ಒಂದೇ ಫೈಲ್‌ಗೆ ಹಾಕಿ, ಬ್ಯಾಗ್ ಪಕ್ಕದಲ್ಲೇ ಇಟ್ಟುಕೊಳ್ಳಿ. ಜಮ್ಮಾ ಜಾಗ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗವಾದರೆ ಪಹಣಿಯಲ್ಲಿ ಪಟ್ಟೆದಾರರ (ಮನೆತನದ ಹಿರಿಯರ) ಹೆಸರು ಇರುತ್ತದೆ, ನಿಮ್ಮದು ಎಲ್ಲಿದೆ ಅಂತ ಈಗಲೇ ನೋಡಿಕೊಳ್ಳಿ. ಕೋವಿ ಇರುವ ಮನೆಯವರು ವಿನಾಯಿತಿ ಪತ್ರದ (ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡುವ ಪತ್ರ) ನಕಲನ್ನೂ ಸೇರಿಸಿ.

"ಎಲ್ಲಾ ಡಿಜಿಲಾಕರ್‌ನಲ್ಲಿದೆ" ಅನ್ನುವವರಿಗೆ: ಸಂತೋಷ. ಚಾರ್ಜ್ ಇಲ್ಲದ ಫೋನಿನಲ್ಲಿ ಅದನ್ನು ತೆಗೆದು ತೋರಿಸಿ ನೋಡೋಣ. ಅದೂ ಇರಲಿ, ಇದೂ ಇರಲಿ.

ಎಷ್ಟೋ ಜನ ಬಿಡುವ ಒಂದು ಕೆಲಸ ಇದೆ. ಮಳೆ ಹಿಡಿಯುವ ಮೊದಲೇ ಮನೆಯನ್ನು ನಾಲ್ಕೂ ಕಡೆಯಿಂದ, ಒಳಗಿನ ಕೋಣೆಗಳನ್ನು, ಕೊಟ್ಟಿಗೆ, ಕಾಫಿ ಒಣಗಿಸುವ ಕಣ, ಮನೆ ಹಿಂದಿನ ಬರೆ ಎಲ್ಲವನ್ನೂ ಫೋಟೊ ತೆಗೆದು ಹೊರಜಿಲ್ಲೆಯಲ್ಲಿರುವ ನೆಂಟರಿಗೆ ಕಳಿಸಿಡಿ. ಬರೆ ಅಂದರೆ ಗೊತ್ತಲ್ಲ, ಮಣ್ಣು ಕಡಿದು ಮಟ್ಟ ಮಾಡಿದಾಗ ಮನೆ ಹಿಂದೆ ಉಳಿಯುವ ನೆಟ್ಟನೆಯ ಗೋಡೆ. ನಷ್ಟದ ಲೆಕ್ಕ ಬರೆಯಲು ಕಂದಾಯದವರು ಬಂದಾಗ ಮೊದಲು ಹೇಗಿತ್ತು ಅಂತ ತೋರಿಸಲು ಬೇರೆ ದಾರಿ ಇಲ್ಲ.

ಕಾಗದದ ಕವರ್‌ಗೇ ದುಡ್ಡನ್ನೂ ಹಾಕಿ. ಹತ್ತು, ಐವತ್ತು, ನೂರರ ನೋಟುಗಳು. ನೆಟ್‌ವರ್ಕ್ ಇಲ್ಲದ ಕಡೆ ಫೋನ್‌ಪೇ ಇಲ್ಲ, ಐನೂರಕ್ಕೆ ಚಿಲ್ಲರೆಯೂ ಇಲ್ಲ. ಒಂದು ಚೀಟಿಯಲ್ಲಿ ಮುಖ್ಯ ಫೋನ್ ನಂಬರ್‌ಗಳನ್ನು ಬಾಲ್‌ಪೆನ್ನಿನಲ್ಲಿ ಬರೆದಿಡಿ. ಇಂಕ್ ಪೆನ್ ಆದರೆ ಒಂದು ಹನಿ ಬಿದ್ದರೂ ಕಲಸಿಹೋಗುತ್ತದೆ. ತುರ್ತಿಗೆ 112, ಆಂಬುಲೆನ್ಸ್‌ಗೆ 108, ಜಿಲ್ಲಾ ಕಂಟ್ರೋಲ್ ರೂಮಿಗೆ 1077, ಇವೂ ಅದರಲ್ಲಿ ಇರಲಿ.

4. ಔಷಧ

ಮನೆಯವರು ದಿನಾ ತೆಗೆದುಕೊಳ್ಳುವ ಮಾತ್ರೆ ಒಂದು ವಾರಕ್ಕಾಗುವಷ್ಟು. ಬಿಪಿ, ಶುಗರ್, ಥೈರಾಯ್ಡ್, ಫಿಟ್ಸ್, ಆಸ್ತಮಾದ ಪಂಪ್. ಬ್ಯಾಗ್ ಮೂರು ದಿನಕ್ಕಾದರೆ ಮಾತ್ರೆ ಏಕೆ ಏಳು ದಿನಕ್ಕೆ ಅಂದರೆ, ಊಟ ಯಾರಾದರೂ ಹಂಚಿಕೊಳ್ಳುತ್ತಾರೆ, ಬಿಪಿ ಮಾತ್ರೆ ಹಂಚಿಕೊಳ್ಳಲು ಆಗುವುದಿಲ್ಲ. ಡಾಕ್ಟರ ಚೀಟಿಯ ನಕಲು ಜೊತೆಗಿರಲಿ. ಮಾತ್ರೆಯನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ಥಂಡಿಗೆ ಹಾಳಾಗುತ್ತದೆ, ಯಾವುದು ಯಾವುದೆಂದು ಗೊತ್ತೂ ಆಗುವುದಿಲ್ಲ.

ಇನ್ಸುಲಿನ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದನ್ನು ಮೊದಲೇ ಬ್ಯಾಗ್‌ಗೆ ಹಾಕಬೇಡಿ, ಫ್ರಿಜ್ಜಿನಲ್ಲೇ ಇರಲಿ. ಹೊರಡುವಾಗ ಮರೆಯದಂತೆ ಬ್ಯಾಗ್ ಹಿಡಿಗೆ "ಇನ್ಸುಲಿನ್" ಅಂತ ಬರೆದ ಚೀಟಿ ಕಟ್ಟಿ. ಸಾಮಾನ್ಯವಾಗಿ ಅದು ಹೊರಗಿನ ತಂಪಿನಲ್ಲಿ ನಾಲ್ಕು ವಾರದವರೆಗೆ ಕೆಡುವುದಿಲ್ಲ. ನಮ್ಮ ಆಗಸ್ಟ್ ಚಳಿಯಲ್ಲಿ ಮೂರು ದಿನಕ್ಕೆ ಹೆದರಬೇಕಾಗಿಲ್ಲ. ಆದರೂ ನಿಮ್ಮ ಪೊಟ್ಟಣದ ಚೀಟಿಯನ್ನು ಓದಿಕೊಳ್ಳಿ.

ಎಲ್ಲರಿಗೂ ಬೇಕಾದದ್ದು: ಪ್ಯಾರಾಸಿಟಮಾಲ್, ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್, ಹತ್ತಿ, ಬ್ಯಾಂಡೇಜ್ ಬಟ್ಟೆ, ಅಂಟುಪಟ್ಟಿ, ಒಆರ್‌ಎಸ್ ಪೊಟ್ಟಣ. ಒಆರ್‌ಎಸ್ ಅಂದರೆ ವಾಂತಿ–ಭೇದಿಯಾದಾಗ ಕುಡಿಸುವ ಉಪ್ಪು–ಸಕ್ಕರೆಯ ಪುಡಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು, ಲೋಟಕ್ಕಲ್ಲ. ಅದು ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಜಿಗಣೆಗೆ ಒಂದು ಚಿಕ್ಕ ಬಟ್ಟೆಗಂಟು ಉಪ್ಪು. ಒದ್ದೆ ಮಾಡಿ ಮುಟ್ಟಿಸಿದರೆ ಬಿಡುತ್ತದೆ. ಬಿಟ್ಟ ಮೇಲೂ ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಒತ್ತಿ ಹಿಡಿಯಿರಿ, ಗಾಬರಿ ಬೇಡ. ಗಾಬರಿಯಾಗಬೇಕಾದದ್ದು ಇಲಿ ಜ್ವರಕ್ಕೆ. ಪ್ರವಾಹದ ನೀರಿನಲ್ಲಿ ಇಲಿ, ದನಗಳ ಮೂತ್ರ ಸೇರಿರುತ್ತದೆ, ಕಾಲಿನ ಗಾಯದ ಮೂಲಕ ರೋಗ ಒಳಗೆ ಹೋಗುತ್ತದೆ. ಗಾಯ ಮುಚ್ಚಿ, ಗಮ್‌ಬೂಟ್ ಹಾಕಿಯೇ ನೀರಿಗೆ ಇಳಿಯಿರಿ. ಆಮೇಲೆ ಜ್ವರ ಬಂದರೆ "ಪ್ರವಾಹದ ನೀರಿನಲ್ಲಿ ನಡೆದಿದ್ದೆ" ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ಹಾವು ಕಚ್ಚಿದರೆ ಕುಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ.

5. ನೀರು ಮತ್ತು ತಿಂಡಿ

ಸುತ್ತಲೂ ನೀರೇ ನೀರು, ಕುಡಿಯಲು ಹನಿ ಇಲ್ಲ. ಗುಡ್ಡ ಜರಿದ ಮೇಲೆ ತೋಡಿನ ನೀರು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ. ಒಬ್ಬರಿಗೆ ಎರಡು ಲೀಟರ್ ಹೊತ್ತುಕೊಳ್ಳಿ, ಅದಕ್ಕಿಂತ ಜಾಸ್ತಿ ಹೊರಲು ಆಗುವುದಿಲ್ಲ. ಜೊತೆಗೆ ಕ್ಲೋರಿನ್ ಮಾತ್ರೆ ಇಡಿ, ಮೆಡಿಕಲ್ ಶಾಪ್‌ನಲ್ಲಿ ಕೇಳಿ. ಕೆಸರು ನೀರಿಗೆ ಮಾತ್ರೆಯನ್ನು ನೇರ ಹಾಕಿದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೊದಲು ತಿಳಿಯಾಗಲು ಬಿಡಿ, ಹಳೇ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಆಮೇಲೆ ಪೊಟ್ಟಣದ ಮೇಲೆ ಬರೆದಷ್ಟು ಹಾಕಿ ಅರ್ಧ ಗಂಟೆ ಕಾಯಿರಿ. ಮಾಡಿನ ನೀರು ಸ್ಟೀಲ್ ಪಾತ್ರೆಗೆ ಹಿಡಿದು ಕುದಿಸಲು ಆದರೆ ಇನ್ನೂ ಒಳ್ಳೆಯದು.

ತಿಂಡಿಗೆ ಒಲೆ ಬೇಡದ್ದು ಮಾತ್ರ. ಅವಲಕ್ಕಿ, ಬೆಲ್ಲ, ಹುರಿಗಡಲೆ, ಕಡ್ಲೆ ಚಿಕ್ಕಿ, ಖರ್ಜೂರ, ಬಿಸ್ಕತ್ತು. ನೂಡಲ್ಸ್ ಪ್ಯಾಕೆಟ್ ತುಂಬುವವರು ಬೇಯಿಸುವುದು ಎಲ್ಲಿ ಅಂತ ಯೋಚಿಸುವುದಿಲ್ಲ. ಒಂದೊಂದು ಹೊತ್ತಿಗೆ ಆಗುವಷ್ಟು ಬೇರೆ ಬೇರೆ ಕಟ್ಟಿಡಿ. ಒಮ್ಮೆ ಬಾಯಿ ಬಿಚ್ಚಿದ ಪೊಟ್ಟಣ ಇಲ್ಲಿನ ಹವೆಗೆ ಸಂಜೆಯೊಳಗೆ ಮೆತ್ತಗಾಗುತ್ತದೆ. ಹುಣಸೆಹಣ್ಣು, ಉಪ್ಪಿನಕಾಯಿ ಬೇಡ, ಸೋರಿ ಎಲ್ಲಾ ಹಾಳು. ಹಾಲು ಕುಡಿಯುವ ಮಗುವಿದ್ದರೆ ಹಾಲಿನ ಪುಡಿ, ಚಮಚ, ಒಳಲೆ.

6. ಬಟ್ಟೆ, ಬೆಳಕು, ಫೋನ್

ಬಟ್ಟೆ ಒಂದೇ ಜೊತೆ ಸಾಕು, ಆದರೆ ಪೂರ್ತಿ ಜೊತೆ. ಒಳಉಡುಪು, ಸಾಕ್ಸ್, ಸ್ವೆಟರ್, ಒಂದು ಟವೆಲ್. ಜೀನ್ಸ್ ಬೇಡ. ಒದ್ದೆಯಾದರೆ ಕಲ್ಲಿನ ಭಾರ, ಕೊಡಗಿನ ಮಳೆಗಾಲದಲ್ಲಿ ನಾಲ್ಕು ದಿನವಾದರೂ ಒಣಗುವುದಿಲ್ಲ. ನೈಲಾನ್ ಟ್ರ್ಯಾಕ್ ಪ್ಯಾಂಟ್ ಒಳ್ಳೆಯದು. ಹೆಂಗಸರಿಗೆ ಪ್ಯಾಡ್, ಅಜ್ಜ–ಅಜ್ಜಿಯರಿಗೆ ಬೇಕಿದ್ದರೆ ಡಯಾಪರ್, ಹಳೆಯದಾದರೂ ಸರಿ ಇನ್ನೊಂದು ಕನ್ನಡಕ. ಕೇಳಲು ಮುಜುಗರ ಅಂತ ಕೇಂದ್ರದಲ್ಲಿ ಯಾರೂ ಕೇಳುವುದಿಲ್ಲ, ಅದಕ್ಕೇ ಮನೆಯಿಂದಲೇ ತೆಗೆದುಕೊಂಡು ಹೋಗಿ. ಕೊಡೆಯ ಬದಲು ಪ್ಲಾಸ್ಟಿಕ್ ಕೊಪ್ಪೆ ಅಥವಾ ರೇನ್‌ಕೋಟ್. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಒಂದು ಕೈಯೂ ಹೋಗುತ್ತದೆ.

ಟಾರ್ಚ್ ತಲೆಗೆ ಕಟ್ಟುವಂಥದ್ದು ಇರಲಿ. ಶೆಲ್‌ಗಳನ್ನು ಒಳಗೆ ಹಾಕಿಡಬೇಡಿ, ಪಕ್ಕದಲ್ಲಿ ಕವರ್‌ನಲ್ಲಿಡಿ. ನನ್ನದು ಸೋರಿದ್ದು ಹಾಗೇ. ಕತ್ತಲಲ್ಲಿ ಶೆಲ್ ಹಾಕಲು ಮನೆಯವರೆಲ್ಲ ಒಮ್ಮೆ ಅಭ್ಯಾಸ ಮಾಡಿ.

ಪವರ್ ಬ್ಯಾಂಕ್ 10,000 ಎಂಎಎಚ್‌ನದು ಸಾಕು. ಎಂಎಎಚ್ ಅಂದರೆ ಅದರಲ್ಲಿ ಎಷ್ಟು ಚಾರ್ಜ್ ತುಂಬುತ್ತದೆ ಎಂಬ ಅಳತೆ. ಇಷ್ಟರಲ್ಲಿ ಸಾಮಾನ್ಯ ಫೋನನ್ನು ಹೆಚ್ಚುಕಮ್ಮಿ ಒಂದೂವರೆ ಸಲ ತುಂಬಬಹುದು. ಸುಮ್ನೆ ಇಟ್ಟರೂ ನಿಧಾನಕ್ಕೆ ಇಳಿಯುತ್ತದೆ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಸಿಗ್ನಲ್ ಇಲ್ಲದ ಕಡೆ ಫೋನ್ ಟವರ್ ಹುಡುಕಿ ಹುಡುಕಿ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿಟ್ಟು ಗಂಟೆಗೊಮ್ಮೆ ತೆಗೆದು ನೋಡಿ. ಕರೆ ಹೋಗದಿದ್ದಾಗಲೂ ಎಸ್‌ಎಂಎಸ್ ಕೆಲವೊಮ್ಮೆ ಹೋಗುತ್ತದೆ.

ಐವತ್ತು ರೂಪಾಯಿಯೊಳಗಿನ ಒಂದು ಸಾಮಾನು ಹೇಳುತ್ತೇನೆ: ಸೀಟಿ. ಬ್ಯಾಗ್ ಪಟ್ಟಿಗೆ ದಾರದಲ್ಲಿ ಕಟ್ಟಿ. ಮಳೆಯ ಸದ್ದಿನಲ್ಲಿ ಕೂಗಿದರೆ ಪಕ್ಕದ ತೋಟಕ್ಕೂ ಕೇಳುವುದಿಲ್ಲ, ಗಂಟಲು ಹತ್ತು ನಿಮಿಷದಲ್ಲಿ ಕಟ್ಟುತ್ತದೆ. ಮೂರು ಸಲ ಊದಿ, ಸ್ವಲ್ಪ ಬಿಟ್ಟು ಮತ್ತೆ ಮೂರು. ಇನ್ನು ಹತ್ತು ಮೀಟರ್ ನೈಲಾನ್ ಹಗ್ಗ, ಲೈಟರ್, ಒಂದು ಚಿಕ್ಕ ಕತ್ತಿ. ಆಯುಧ ಇಷ್ಟು ಸಾಕು.

7. ಎಲ್ಲಿ ಇಡಬೇಕು

ಅಟ್ಟ ಬೇಡ, ಮಂಚದ ಕೆಳಗೂ ಬೇಡ. ಬಾಗಿಲ ಹತ್ತಿರ, ನೆಲದಿಂದ ಮೇಲೆ, ಮೊಳೆಗೆ ತೂಗುಹಾಕಿ. ಸೌದೆ ಒಲೆ ಇರುವ ಮನೆಯಾದರೆ ಒಲೆಗೋಡೆಯ ಆಚೆ ಬದಿಗಿಂತ ಒಳ್ಳೆಯ ಜಾಗ ಇಲ್ಲ. ಆ ಗೋಡೆಗೆ ಕೈ ಇಟ್ಟು ನೋಡಿ, ಜುಲೈನಲ್ಲೂ ಬೆಚ್ಚಗಿರುತ್ತದೆ. ಬೂಷ್ಟು ಹತ್ತಿರ ಬರುವುದಿಲ್ಲ. ಒಲೆಯ ಮೇಲೆಯೇ ತೂಗುಹಾಕಿದರೆ ಮಸಿ ಹಿಡಿಯುತ್ತದೆ, ಹಾಗೆ ಮಾಡಬೇಡಿ.

ಗಮ್‌ಬೂಟ್, ಕೊಪ್ಪೆ, ಕೋಲು ಅಲ್ಲೇ ಕೆಳಗೆ. ಬೂಟ್ ಹಾಕುವ ಮೊದಲು ತಲೆಕೆಳಗೆ ಮಾಡಿ ಕೊಡವಿ.

8. ಯಾವಾಗ ಹೊರಡಬೇಕು

ಹವಾಮಾನ ಇಲಾಖೆ ಮಳೆಯನ್ನು ಮಿಲಿಮೀಟರ್‌ನಲ್ಲಿ ಹೇಳುತ್ತದೆ, ನಾವು ತೋಟದವರು ಇಂಚಿನಲ್ಲಿ ಲೆಕ್ಕ ಹಾಕುತ್ತೇವೆ. 24 ಗಂಟೆಯಲ್ಲಿ 64.5 ಮಿ.ಮೀ. ಅಂದರೆ ಎರಡೂವರೆ ಇಂಚು ದಾಟುವ ಸೂಚನೆಗೆ ಸಾಮಾನ್ಯವಾಗಿ ಯೆಲ್ಲೋ ಅಲರ್ಟ್, 115.6 ಅಂದರೆ ನಾಲ್ಕೂವರೆ ಇಂಚಿಗೆ ಆರೆಂಜ್, 204.4 ಅಂದರೆ ಎಂಟು ಇಂಚು ದಾಟಿದರೆ ರೆಡ್. ನನ್ನ ಮನೆಯ ಲೆಕ್ಕ ಸುಲಭ: ಶಾಲೆಗೆ ರಜೆ ಘೋಷಿಸಿದರೆ ಬ್ಯಾಗ್ ಮೊಳೆಯಿಂದ ಇಳಿದು ಬಾಗಿಲಿಗೆ ಬರುತ್ತದೆ.

ಆದರೆ ಅಲರ್ಟ್‌ಗಿಂತ ಮೊದಲೇ ಜಾಗ ಮಾತಾಡುತ್ತದೆ. ಅಂಗಳದಲ್ಲೋ ಬರೆಯ ಮೇಲೋ ಹೊಸ ಬಿರುಕು, ಇದ್ದಕ್ಕಿದ್ದಂತೆ ವಾಲಿದ ಸಿಲ್ವರ್ ಮರ ಅಥವಾ ಕರೆಂಟ್ ಕಂಬ, ಇಲ್ಲದ ಕಡೆ ಚಿಮ್ಮುವ ಒರತೆ, ಹಾಕಲು ಬಾರದೆ ಬಿಗಿಯಾದ ಬಾಗಿಲು, ಜೋರು ಮಳೆಯಲ್ಲೂ ತೋಡಿನ ನೀರು ಏಕಾಏಕಿ ಕಡಿಮೆಯಾಗುವುದು. ಕೊನೆಯದು ತುಂಬಾ ಕೆಟ್ಟದ್ದು. ಮೇಲೆಲ್ಲೋ ಮಣ್ಣು ಅಡ್ಡ ಬಿದ್ದು ನೀರು ಕಟ್ಟಿಕೊಂಡಿರಬಹುದು, ಅದು ಒಡೆದರೆ ಒಟ್ಟಿಗೆ ಬರುತ್ತದೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಹೊಳೆ ಪಕ್ಕದವರಿಗೂ, ಕುಶಾಲನಗರದ ತಗ್ಗಿನ ಬಡಾವಣೆಯವರಿಗೂ ಹಾರಂಗಿ ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿಯೇ ಸೂಚನೆ.

ಹೊರಡುವಾಗ ಮೇನ್ ಸ್ವಿಚ್ ಆಫ್, ಗ್ಯಾಸ್ ರೆಗ್ಯುಲೇಟರ್ ಆಫ್. ದನದ ಕಣ್ಣಿ ಬಿಚ್ಚಿ, ನಾಯಿಯ ಸರಪಳಿ ಬಿಚ್ಚಿ. ತೋಡಿನ ಗುಂಟ ಕೆಳಗೆ ಇಳಿಯಬೇಡಿ, ಮಣ್ಣು ಬರುವ ದಾರಿಯೇ ಅದು. ಅಡ್ಡಕ್ಕೆ ನಡೆದು ಪಕ್ಕದ ದಿಣ್ಣೆಗೆ ಹತ್ತಿ. ಯಾವ ದಿಣ್ಣೆ, ಯಾವ ದಾರಿ ಅಂತ ಬಿಸಿಲಿರುವಾಗಲೇ ಒಮ್ಮೆ ನಡೆದು ನೋಡಿ. ಆನೆ ಓಡಾಡುವ ಕಡೆಯಾದರೆ ಇದು ಎರಡರಷ್ಟು ಮುಖ್ಯ.

ತೋಟದ ಮಾಲೀಕರಿಗೆ ಒಂದು ಮಾತು. ಲೈನ್‌ಮನೆಗಳು, ಅಂದರೆ ಕೆಲಸದವರ ಮನೆಸಾಲು, ಬರೆಯ ಕೆಳಗೋ ತೋಡಿನ ಪಕ್ಕವೋ ಇರುವುದೇ ಜಾಸ್ತಿ. ಅಲ್ಲಿನ ಮನೆಗೂ ಒಂದೊಂದು ಬ್ಯಾಗ್ ನೀವೇ ಮಾಡಿಸಿಕೊಡಿ. ದೂರದ ರಾಜ್ಯದಿಂದ ಬಂದವರಿಗೆ ಇಲ್ಲಿನ ಗುಡ್ಡದ ಲಕ್ಷಣ ಗೊತ್ತಿರುವುದಿಲ್ಲ, ಅದನ್ನೂ ಕರೆದುಕೊಂಡು ಹೋಗಿ ತೋರಿಸಿ.

9. ಒಮ್ಮೆ ರಾತ್ರಿ ಮಾಡಿ ನೋಡಿ

ಜೂನ್‌ನ ಒಂದು ರಾತ್ರಿ ಊಟವಾದ ಮೇಲೆ ಹೇಳದೆ ಕೇಳದೆ ಮೇನ್ ಸ್ವಿಚ್ ಆಫ್ ಮಾಡಿ, ಗಡಿಯಾರ ನೋಡಿಕೊಂಡು ಎಲ್ಲರನ್ನೂ ಹೊರಡಿಸಿ. ನಮ್ಮ ಮನೆಯಲ್ಲಿ ಮೊದಲ ಸಲ ಇಪ್ಪತ್ತಾರು ನಿಮಿಷ ಹಿಡಿಯಿತು. ಅದರಲ್ಲಿ ಹನ್ನೊಂದು ನಿಮಿಷ ನನ್ನ ಕನ್ನಡಕ ಹುಡುಕಲು. ಈಗ ಎಂಟಕ್ಕೆ ಇಳಿದಿದೆ.

ಕಕ್ಕಡ ಶುರುವಾಗುವಾಗ, ಅಂದರೆ ಜುಲೈ ಮಧ್ಯದಲ್ಲಿ, ಬ್ಯಾಗ್ ಒಮ್ಮೆ ಬಿಚ್ಚಿ ಎಲ್ಲವನ್ನೂ ಮೂಸಿ ನೋಡಿ. ಬೂಷ್ಟು ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ಕೈಲ್‌ಮುಹೂರ್ತದ ಹಬ್ಬ ಮುಗಿಯಿತು, ಮಳೆ ಹೋಯಿತು ಅಂತ ಸೆಪ್ಟೆಂಬರ್‌ನಲ್ಲೇ ಇಳಿಸಬೇಡಿ. ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ತೀರ್ಥ ತಂದ ಮೇಲೆ ಬಿಚ್ಚಿ. ಕಾಗದ ಬೀರುವಿಗೆ, ಮಾತ್ರೆ ಅದರ ಡಬ್ಬಿಗೆ, ಬ್ಯಾಗ್ ಬಿಸಿಲಿಗೆ. ಅವಲಕ್ಕಿಗೆ ಒಂದಿಷ್ಟು ಕಾಯಿ ತುರಿದು, ಅದೇ ಬೆಲ್ಲ ಕಲಸಿ ಸಂಜೆ ಕಾಫಿಯ ಜೊತೆ ತಿಂದು ಮುಗಿಸಿ.